ಎರಡು ಶಾಖೆಗಳ ನಡುವಣ ಪಠ್ಯ: ಜಪಾನೀ ಸಾಹಿತ್ಯ ಮತ್ತು ಭಾಷಾವಿಜ್ಞಾನಗಳ ಉನ್ನತ ವ್ಯಾಸಂಗವನ್ನು ಕುರಿತು

ಜಪಾನೀ ಭಾಷೆಯಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನೋ ಸಂಶೋಧನೆಯನ್ನೋ ಕೈಗೊಳ್ಳಬಯಸುವ ವಿದ್ಯಾರ್ಥಿಗೆ ಆರಂಭದಲ್ಲಿಯೇ ಒಂದು ಪ್ರಶ್ನೆ ಎದುರಾಗುತ್ತದೆ: ಸಾಹಿತ್ಯವೋ, ಭಾಷಾವಿಜ್ಞಾನವೋ? ಅಮೆರಿಕೆಯ ವಿಶ್ವವಿದ್ಯಾಲಯಗಳಲ್ಲಿ ಸಾಹಿತ್ಯವನ್ನು ಆರಿಸಿಕೊಂಡವರು ಸಾಮಾನ್ಯವಾಗಿ ಪೂರ್ವ ಏಷ್ಯಾ ಅಧ್ಯಯನ ವಿಭಾಗವನ್ನು ಸೇರುತ್ತಾರೆ; ಭಾಷಾವಿಜ್ಞಾನವನ್ನು ಆರಿಸಿಕೊಂಡವರು ಬಹುಮಟ್ಟಿಗೆ ಸಾಮಾನ್ಯ ಭಾಷಾವಿಜ್ಞಾನ ವಿಭಾಗವನ್ನು ಸೇರುತ್ತಾರೆ. ಮೊದಲನೆಯವರು ವಿಮರ್ಶಾ ಸಿದ್ಧಾಂತಗಳನ್ನೂ ಎರಡನೆಯವರು ವಾಕ್ಯರಚನೆಯ ಸಿದ್ಧಾಂತಗಳನ್ನೂ ಅಭ್ಯಾಸ ಮಾಡುತ್ತಾರೆ. ಎರಡೂ ಗುಂಪಿನವರನ್ನು ಒಂದೇ ಸೂರಿನಡಿ ಇರಿಸಿಕೊಂಡಿರುವ ವಿಭಾಗಗಳು ಇಲ್ಲವೆಂದಲ್ಲ. ಆದರೆ ಒಂದೇ ಸೂರಿನಡಿ ಇರುವುದು ಬೇರೆ, ಒಂದೇ ಪುಟವನ್ನು ಕೂಡಿ ಓದುವುದು ಬೇರೆ. ಈ ವಿಭಜನೆ ಆಡಳಿತದ ಅನುಕೂಲದಿಂದ ಹುಟ್ಟಿದುದೇ ಹೊರತು ವಿಷಯದ ಸ್ವರೂಪದಿಂದ ಹುಟ್ಟಿದುದಲ್ಲ ಎಂಬುದನ್ನು ಜಪಾನೀ ಅಧ್ಯಯನದ ಚರಿತ್ರೆಯೇ ತೋರಿಸಿಕೊಡುತ್ತದೆ. ಅದೇ ವಿಭಜನೆಯನ್ನು ತನ್ನೊಳಗೂ ಕಾಣುತ್ತಿರುವ ಕನ್ನಡ ಅಧ್ಯಯನಕ್ಕೆ ಈ ಚರಿತ್ರೆ ದೂರದ್ದೆಂದು ತೋರಿದರೂ ಪರಕೀಯವಲ್ಲ.

ಜಪಾನಿನ ಹಳೆಯ ಕಲಾ ನಿಕಾಯಗಳಲ್ಲಿ 'ಕೊಕುಗೊಗಾಕು' ಅಂದರೆ ರಾಷ್ಟ್ರಭಾಷಾ ಶಾಸ್ತ್ರವೂ 'ಕೊಕುಬುಂಗಾಕು' ಅಂದರೆ ರಾಷ್ಟ್ರಸಾಹಿತ್ಯ ಶಾಸ್ತ್ರವೂ ಜೋಡಿ ಹೆಸರಿನ ಒಂದೇ ಅಧ್ಯಯನ ಕ್ಷೇತ್ರವಾಗಿ ಬೆಳೆದುಬಂದವು. ಸಾಮಾನ್ಯ ಭಾಷಾವಿಜ್ಞಾನಕ್ಕೆ ಬೇರೆ ಪೀಠವಿತ್ತು. ಕನ್ನಡ ಎಂ.ಎ. ಪಠ್ಯಕ್ರಮವನ್ನು ಬಲ್ಲವರಿಗೆ ಈ ಏರ್ಪಾಡು ಪರಿಚಿತವೆನಿಸೀತು. ಆದರೆ ಜಪಾನಿನಲ್ಲಿ ಈ ಜೋಡಣೆ ಪಠ್ಯಕ್ರಮದ ಪಟ್ಟಿಯಲ್ಲಿ ಮಾತ್ರ ಉಳಿಯದೆ ಸಂಶೋಧನೆಯ ರೀತಿಯೇ ಆಗಿತ್ತೆಂಬುದಕ್ಕೆ ಒಂದು ನಿದರ್ಶನವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ.

ಎಂಟನೆಯ ಶತಮಾನದ ಜಪಾನೀ ಪಠ್ಯಗಳಾದ 'ಕೊಜಿಕಿ' (ಕ್ರಿ.ಶ. 712), 'ಮಾನ್‌ಯೋಶೂ' ಮೊದಲಾದವು ಸಂಪೂರ್ಣವಾಗಿ ಚೀನೀ ಲಿಪಿಯಲ್ಲಿಯೇ ಬರೆಯಲ್ಪಟ್ಟಿವೆ. ಜಪಾನಿಗೆ ತನ್ನದೇ ಆದ ಅಕ್ಷರಮಾಲೆ ಆಗಿನ್ನೂ ರೂಪುಗೊಂಡಿರಲಿಲ್ಲವಾದ ಕಾರಣ, ಚೀನೀ ಅಕ್ಷರಗಳನ್ನು ಅವುಗಳ ಅರ್ಥವನ್ನು ಬಿಟ್ಟು ಧ್ವನಿಗಾಗಿ ಮಾತ್ರ ಬಳಸುವ ಪದ್ಧತಿಯೂ ಇತ್ತು. ಒಂದೇ ಧ್ವನಿಗೆ ಹಲವು ಅಕ್ಷರಗಳು ಬಳಕೆಯಲ್ಲಿದ್ದುದರಿಂದ, ಕವಿಯೋ ಲಿಪಿಕಾರನೋ ತನಗೆ ತೋಚಿದ ಅಕ್ಷರವನ್ನು ಬಳಸಿದ್ದಾನೆಂದು ನಂಬಲಾಗಿತ್ತು. 'ಕೊಜಿಕಿ'ಗೆ ವ್ಯಾಖ್ಯಾನ ಬರೆಯುವುದರಲ್ಲಿ ಸುಮಾರು ಮೂವತ್ತೈದು ವರ್ಷಗಳನ್ನು ಕಳೆದ ಮೊತೊಓರಿ ನೊರಿನಾಗ (1730–1801) ಈ ನಂಬಿಕೆಗೆ ಹೊಂದದ ಒಂದು ಸಂಗತಿಯನ್ನು ಗುರುತಿಸಿದನು. ಕೆಲವು ಪದಗಳಲ್ಲಿ ಕೆಲವು ಅಕ್ಷರಗಳು ಮಾತ್ರ ಬರುತ್ತವೆ; ಅದೇ ಧ್ವನಿಯ ಬೇರೆ ಅಕ್ಷರಗಳು ಅಲ್ಲಿ ಎಂದೂ ಬರುವುದಿಲ್ಲ. ಅವನ ಶಿಷ್ಯ ಇಶಿಜುಕ ತತ್ಸುಮಾರೊ ಈ ಸುಳಿವನ್ನು ಹಿಡಿದು ಪದಪದವನ್ನೂ ಪರಿಶೀಲಿಸಿ 1798ರಲ್ಲಿ ಒಂದು ಗ್ರಂಥವನ್ನೇ ರಚಿಸಿದನು. ಅದು ಹಸ್ತಪ್ರತಿಯಲ್ಲಿಯೇ ಉಳಿದು, ಶತಮಾನಕ್ಕೂ ಮೀರಿ ಯಾರ ಗಮನವನ್ನೂ ಅಷ್ಟಾಗಿ ಸೆಳೆಯಲಿಲ್ಲ.

ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದ ಹಾಶಿಮೊತೊ ಶಿಂಕಿಚಿ (1882–1945) ಇದೇ ತೀರ್ಮಾನಕ್ಕೆ ಸ್ವತಂತ್ರವಾಗಿ ಬಂದು, ಆ ಬಳಿಕ ಇಶಿಜುಕನ ಗ್ರಂಥವನ್ನು ಕಂಡು, 1917ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಅಕ್ಷರಗಳ ಈ ಹಂಚಿಕೆ ಬರೆವಣಿಗೆಯ ಶಿಸ್ತಲ್ಲ, ಅದರ ಹಿಂದೆ ಅಂದಿನ ಉಚ್ಚಾರಣೆಯ ಭೇದವಿದೆ ಎಂಬುದು ಅವರ ನಿರ್ಣಯ. ಇಂದಿನ ಜಪಾನಿಯಲ್ಲಿ ಐದು ಸ್ವರಗಳಿವೆ. ಎಂಟನೆಯ ಶತಮಾನದಲ್ಲಿ ಕೆಲವು ವ್ಯಂಜನಗಳ ಬಳಿಕ 'ಇ', 'ಎ', 'ಒ'ಗಳಲ್ಲಿ ಎರಡೆರಡು ಬಗೆಗಳಿದ್ದವು. ಇಂದು 'ಹಿ' ಎಂದೇ ಉಚ್ಚರಿಸಲ್ಪಡುವ 'ಸೂರ್ಯ' ಮತ್ತು 'ಬೆಂಕಿ' ಎಂಬ ಎರಡು ಪದಗಳು ಅಂದು ಬೇರೆಬೇರೆಯಾಗಿದ್ದವು. 'ಕಾಮಿ' (ದೇವರು) ಮತ್ತು 'ಕಾಮಿ' (ಮೇಲಿನದು) ಎಂಬ ಪದಗಳ ಕೊನೆಯ ಅಕ್ಷರಗಳೂ ಬೇರೆಬೇರೆ ವರ್ಗಕ್ಕೆ ಸೇರಿದವು. 'ಮೇಲಿರುವವನೇ ದೇವರು' ಎಂಬ ಹಳೆಯ ನಿರುಕ್ತಿ ಇದರಿಂದ ನೆಲೆ ಕಳೆದುಕೊಂಡಿತು. ಚೀನೀ ಲಿಪಿ ಬರುವ ಮೊದಲೇ ಜಪಾನಿಗೆ 'ದೇವಯುಗದ ಲಿಪಿ'ಯೊಂದು ಇತ್ತೆಂಬ ಅಭಿಮಾನದ ವಾದಕ್ಕೂ ಇದೇ ಗತಿಯಾಯಿತು. ಆ ಲಿಪಿಯಲ್ಲಿರುವುದು ಈಚಿನ ಐದು ಸ್ವರಗಳ ವ್ಯವಸ್ಥೆಯೇ ಆದ್ದರಿಂದ ಅದು ಅಷ್ಟು ಪ್ರಾಚೀನವಾಗಿರಲಾರದು.

ಈ ಶೋಧ ಸಾಹಿತ್ಯಕ್ಕೆ ಸೇರಿದ್ದೋ, ಭಾಷಾವಿಜ್ಞಾನಕ್ಕೆ ಸೇರಿದ್ದೋ? ನೊರಿನಾಗ ಕಾವ್ಯವನ್ನು ಓದುತ್ತಿದ್ದನೇ ಹೊರತು ಸ್ವರಗಳನ್ನು ಎಣಿಸಲು ಹೊರಟವನಲ್ಲ. ಇತ್ತ, ಸ್ವರಗಳನ್ನು ಎಣಿಸಿದ ಹಾಶಿಮೊತೊ ಅವರಿಂದಾಗಿ 'ಮಾನ್‌ಯೋಶೂ'ವಿನ ಎಷ್ಟೋ ಪದ್ಯಗಳ ಅರ್ಥ ನಿರ್ಧಾರವಾಯಿತು. ಕನ್ನಡ ವಿದ್ವಾಂಸರಿಗೆ ಇಲ್ಲಿ ಕೇಶಿರಾಜ ನೆನಪಾಗದೆ ಇರಲಾರ. ರೞ, ಕುಳ, ಕ್ಷಳಗಳ ಭೇದ ಆಡುನುಡಿಯಲ್ಲಿ ಬಹುಮಟ್ಟಿಗೆ ಅಳಿಯುತ್ತಿದ್ದ ಕಾಲದಲ್ಲಿ ಪೂರ್ವಕವಿಗಳ ಪ್ರಯೋಗವನ್ನು ಆಧರಿಸಿ ಪದಗಳನ್ನು ಪಟ್ಟಿಮಾಡಿದ ಅವನ ಕಾರ್ಯ ಇಶಿಜುಕನ ಕಾರ್ಯದ ಜಾತಿಗೇ ಸೇರಿದ್ದು. 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ. ಈ ಭೇದವನ್ನು ತಿಳಿಯದವನು ಹಳಗನ್ನಡದ ಯುದ್ಧವರ್ಣನೆಯೊಂದರ ಶ್ಲೇಷೆಯನ್ನು ಬಿಡಿಸಲು ಹೊರಟರೆ ಎಡವುವುದು ಖಚಿತ. ಕೇಶಿರಾಜನ ಕಾರ್ಯ ಐದು ಶತಮಾನಗಳಿಗೂ ಹೆಚ್ಚು ಹಿಂದಿನದು ಎಂಬುದನ್ನೂ ಸಂದರ್ಭವಶಾತ್ ಇಲ್ಲಿ ಹೇಳಬೇಕು.

ಇನ್ನೊಂದು ನಿದರ್ಶನ ಕನ್ನಡಕ್ಕೆ ಮತ್ತಷ್ಟು ಹತ್ತಿರದ್ದು. ಪಕಾರ ಹಕಾರವಾಗುವ ಪ್ರಕ್ರಿಯೆ ಕನ್ನಡದ ಐತಿಹಾಸಿಕ ವ್ಯಾಕರಣದಲ್ಲಿ ಮೊದಲ ಪಾಠ: ಪಾಲ್–ಹಾಲು, ಪುಲಿ–ಹುಲಿ, ಪೂ–ಹೂ. ಜಪಾನಿಯಲ್ಲಿಯೂ ಇದೇ ನಡೆದಿದೆ. ಇಂದಿನ 'ಹನ' (ಹೂ) ಹಿಂದೆ 'ಫನ', ಅದಕ್ಕೂ ಹಿಂದೆ 'ಪನ'. ಜರ್ಮನಿಯಲ್ಲಿ ತೌಲನಿಕ ಭಾಷಾವಿಜ್ಞಾನವನ್ನು ಅಭ್ಯಾಸ ಮಾಡಿ 1894ರಲ್ಲಿ ಸ್ವದೇಶಕ್ಕೆ ಮರಳಿದ ಉಯೆದ ಕಾಜುತೊಶಿ 1898ರಲ್ಲಿ ಪಕಾರವನ್ನು ಕುರಿತ ಲೇಖನದಲ್ಲಿ ಇದನ್ನು ಪ್ರತಿಪಾದಿಸಿದರು. ನಡುವಿನ ಫಕಾರದ ಹಂತಕ್ಕೆ ದೊರೆಯುವ ಸಾಕ್ಷ್ಯಗಳು ಸ್ವಾರಸ್ಯಕರವಾಗಿವೆ. 1516ರ ಒಗಟುಗಳ ಸಂಗ್ರಹವೊಂದರಲ್ಲಿ, ತಾಯಿಯನ್ನು ಎರಡು ಬಾರಿ ಸಂಧಿಸಿಯೂ ತಂದೆಯನ್ನು ಒಮ್ಮೆಯೂ ಸಂಧಿಸದಿರುವುದು ಯಾವುದು ಎಂಬರ್ಥದ ಪ್ರಶ್ನೆಯಿದೆ. ಉತ್ತರ: ತುಟಿಗಳು. ತಂದೆ 'ಚಿಚಿ', ತಾಯಿ 'ಹಹ'. ಇಂದು 'ಹಹ' ಎಂದರೆ ತುಟಿಗಳು ಕೂಡುವುದಿಲ್ಲ, ಒಗಟೇ ಅರ್ಥಹೀನವಾಗುತ್ತದೆ. 'ಫಫ' ಎಂಬ ಉಚ್ಚಾರಣೆಯಿದ್ದರೆ ಮಾತ್ರ ಅದು ಒಗಟು. ಅದೇ ಶತಮಾನದ ಕೊನೆಗೆ ಜೆಸ್ಯುಯಿಟ್ ಪಾದ್ರಿಗಳು ಅಮಕುಸದಲ್ಲಿ ರೋಮನ್ ಲಿಪಿಯಲ್ಲಿ ಮುದ್ರಿಸಿದ 'ಹೈಕೆ ಮೊನೊಗತಾರಿ'ಯ ಹೆಸರೂ ಫಕಾರದಿಂದಲೇ ಆರಂಭವಾಗುತ್ತದೆ. ಯುದ್ಧಕಥನವೊಂದರ ಮುದ್ರಿತ ಪ್ರತಿ, ಮನರಂಜನೆಗೆಂದು ಕೂಡಿಸಿದ ಒಗಟುಗಳು, ಇವೆರಡೂ ಧ್ವನಿಶಾಸ್ತ್ರದ ದಾಖಲೆಗಳಾಗಿ ಒದಗುವುದು ಅವನ್ನು ಸಾಹಿತ್ಯವಾಗಿಯೂ ಓದಬಲ್ಲವರಿಗೆ ಮಾತ್ರ.

ಇಂತಹ ಓದನ್ನು ಕಲಿಸುವ ಬಗೆ ಯಾವುದು? ಜಪಾನಿನ ಸ್ನಾತಕೋತ್ತರ ವ್ಯಾಸಂಗದ ಜೀವನಾಡಿ ಉಪನ್ಯಾಸವಲ್ಲ, 'ಎನ್‌ಶೂ' ಎಂಬ ಅಭ್ಯಾಸಗೋಷ್ಠಿ. ಒಂದು ಪ್ರಾಚೀನ ಪಠ್ಯದ ಕೆಲವೇ ಸಾಲುಗಳನ್ನು ಒಬ್ಬ ವಿದ್ಯಾರ್ಥಿಗೆ ವಹಿಸಲಾಗುತ್ತದೆ. ಆತ ಪಾಠಾಂತರಗಳನ್ನು ಹೋಲಿಸಿ, ಪ್ರತಿಯೊಂದು ಪದದ ಹಿಂದಿನ ಪ್ರಯೋಗಗಳನ್ನು ಹುಡುಕಿ, ಹಳೆಯ ವ್ಯಾಖ್ಯಾನಕಾರರ ಅಭಿಪ್ರಾಯಗಳನ್ನು ಸಂಗ್ರಹಿಸಿ, ಆಧುನಿಕ ಭಾಷೆಯಲ್ಲಿ ಅನುವಾದವನ್ನೂ ತನ್ನ ನಿರ್ಣಯವನ್ನೂ ಟಿಪ್ಪಣಿಯ ರೂಪದಲ್ಲಿ ಎಲ್ಲರಿಗೂ ಹಂಚುತ್ತಾನೆ. ಅನಂತರ ಸಹಪಾಠಿಗಳೂ ಅಧ್ಯಾಪಕರೂ ಅದನ್ನು ಎಳೆಎಳೆಯಾಗಿ ಪರೀಕ್ಷಿಸುತ್ತಾರೆ. ಒಂದು ಅವಧಿ ಮುಗಿದರೂ ಒಂದು ಅಧ್ಯಾಯ ಮುಗಿಯದಿರುವುದು ಅಲ್ಲಿ ದೋಷವೆನಿಸುವುದಿಲ್ಲ. ಪಠ್ಯಭಾಗವನ್ನು 'ಪೂರೈಸುವ' ಒತ್ತಡದಲ್ಲಿ ಪಂಪನ ಒಂದು ಆಶ್ವಾಸವನ್ನು ನಾಲ್ಕು ತರಗತಿಗಳಲ್ಲಿ ದಾಟಿಸಬೇಕಾಗಿ ಬರುವ ಅಧ್ಯಾಪಕರಿಗೆ ಇದು ಅಸೂಯೆ ಹುಟ್ಟಿಸೀತು.

ಗೋಷ್ಠಿಗೆ ಮುನ್ನ ಲಿಪಿಯ ಕಲಿಕೆ. 1900ರಲ್ಲಿ ಪ್ರಾಥಮಿಕ ಶಾಲೆಗಳಿಗಾಗಿ ಪ್ರತಿ ಧ್ವನಿಗೂ ಒಂದೇ ಅಕ್ಷರರೂಪವನ್ನು ಸರ್ಕಾರ ನಿಗದಿಪಡಿಸಿತು. ಅದುವರೆಗೆ ಕೈಬರೆಹದಲ್ಲಿಯೂ ಮರದ ಅಚ್ಚಿನ ಪುಸ್ತಕಗಳಲ್ಲಿಯೂ ಬಳಕೆಯಲ್ಲಿದ್ದ 'ಕುಜುಶಿಜಿ' ಎಂಬ ಹರಿಯುವ ಬರೆಹ ಕೆಲವೇ ತಲೆಮಾರುಗಳಲ್ಲಿ ಸಾಮಾನ್ಯ ಜಪಾನಿಗನಿಗೆ ಅಪಾಠ್ಯವಾಯಿತು. ತನ್ನ ಮುತ್ತಜ್ಜಿಯ ಪತ್ರವನ್ನು ಓದಲಾಗದ ಸುಶಿಕ್ಷಿತರ ದೇಶ ಅದು. 1972ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಜಪಾನೀ ಸಾಹಿತ್ಯ ಸಂಸ್ಥೆ 2014ರಲ್ಲಿ ಸುಮಾರು ಮೂರು ಲಕ್ಷ ಪ್ರಾಚೀನ ಕೃತಿಗಳ ಛಾಯಾಪ್ರತಿಗಳನ್ನು ಗಣಕೀಕರಿಸುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಪ್ರತಿಗಳು ಕಣ್ಣಿಗೆ ದಕ್ಕಿದರೂ ಓದುವವರೆಲ್ಲಿ? ಈ ಕೊರತೆಗೆ ಉತ್ತರ ಹುಡುಕಿದವರಲ್ಲಿ ಪ್ರಮುಖರಾದ ತಾರಿನ್ ಕ್ಲಾನುವತ್ ಥಾಯ್ಲೆಂಡಿನವರು. ವಸೇದ ವಿಶ್ವವಿದ್ಯಾಲಯದಲ್ಲಿ 'ಗೆಂಜಿ ಮೊನೊಗತಾರಿ'ಯ ವ್ಯಾಖ್ಯಾನ ಪರಂಪರೆಯನ್ನು ಕುರಿತು ಸಂಶೋಧನೆ ನಡೆಸಿದವರು. ಕುಜುಶಿಜಿಯನ್ನು ಯಂತ್ರವೇ ಗುರುತಿಸುವಂತೆ ಮಾಡುವ ಕಾರ್ಯದಲ್ಲಿ ಇವರು ಸಹೋದ್ಯೋಗಿಗಳೊಡನೆ ತೊಡಗಿ, 2021ರಲ್ಲಿ 'ಮಿವೊ' ಎಂಬ ಮೊಬೈಲ್ ತಂತ್ರಾಂಶ ಹೊರಬಂದಿತು. ಪುಟದ ಚಿತ್ರ ತೆಗೆದರೆ ಇಂದಿನ ಅಕ್ಷರಗಳಲ್ಲಿ ಪಾಠ ದೊರೆಯುತ್ತದೆ.

ಹಾಗಾದರೆ ಲಿಪಿಯನ್ನು ಕಲಿಯುವ ಶ್ರಮ ಇನ್ನು ಬೇಡವೆನ್ನುವವರಿದ್ದಾರೆ. ಈ ಅಭಿಪ್ರಾಯ ಒಪ್ಪತಕ್ಕದ್ದಲ್ಲ. ಯಂತ್ರ ಕೊಡುವುದು ಅಕ್ಷರಗಳ ಸಾಲನ್ನು. ಹಳೆಯ ಜಪಾನೀ ಬರೆಹದಲ್ಲಿ ಪದಗಳ ನಡುವೆ ಎಡೆಯಿಲ್ಲ. 'ಕ'ಕಾರವನ್ನು 'ಗ'ಕಾರದಿಂದ ಬೇರ್ಪಡಿಸುವ ಚಿಹ್ನೆಯನ್ನು ಲಿಪಿಕಾರರು ಹೆಚ್ಚಾಗಿ ಹಾಕುತ್ತಿರಲಿಲ್ಲ. ಪದ ಎಲ್ಲಿ ಮುಗಿಯಿತು, ವ್ಯಂಜನ ಘೋಷವೋ ಅಘೋಷವೋ, ಕ್ರಿಯಾಪದದ ಪ್ರತ್ಯಯ ಭೂತಕಾಲದ್ದೋ ಅಲ್ಲವೋ ಎಂಬುದನ್ನು ವ್ಯಾಕರಣವನ್ನೂ ಕಾವ್ಯಪರಂಪರೆಯನ್ನೂ ಒಟ್ಟಿಗೆ ಬಲ್ಲ ಓದುಗ ನಿರ್ಧರಿಸಬೇಕು. ತಾಳೆಯೋಲೆಯ ಕನ್ನಡ ಪ್ರತಿಯನ್ನು ಕೈಯಲ್ಲಿ ಹಿಡಿದವರಿಗೆ, ಒತ್ತಾಗಿ ಹೆಣೆದ ಅಕ್ಷರಗಳಲ್ಲಿ ಪದಚ್ಛೇದ ಮಾಡುವ ಕಷ್ಟವನ್ನು ವಿವರಿಸಬೇಕಾಗಿಲ್ಲ. ಕ್ಲಾನುವತ್ ಅವರಿಗೂ ಈ ಕಾರ್ಯ ಸಾಧ್ಯವಾದದ್ದು ಅವರು ಮೊದಲು ಗೆಂಜಿಯ ಓದುಗರಾಗಿದ್ದುದರಿಂದ ಎಂಬುದನ್ನು ಮರೆಯಲಾಗದು.

ಈ ಪರಂಪರೆಯನ್ನು ಕೊಂಡಾಡುವಾಗ ಅದರ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. 'ಕೊಕುಗೊ' ಎಂಬ ಪದದಲ್ಲಿರುವ ರಾಷ್ಟ್ರ ನಿರುಪದ್ರವಿಯಲ್ಲ. ಉಯೆದ ಅವರೇ ಭಾಷೆಯನ್ನೂ ರಾಷ್ಟ್ರವನ್ನೂ ಒಂದುಗೂಡಿಸಿ 1894ರಲ್ಲಿ ನೀಡಿದ ಉಪನ್ಯಾಸ ಮುಂದಿನ ಭಾಷಾನೀತಿಗೆ ತಳಹದಿಯಾಯಿತು. ಅದೇ 'ರಾಷ್ಟ್ರಭಾಷೆ'ಯನ್ನು ತೈವಾನ್, ಕೊರಿಯಾಗಳ ಶಾಲೆಗಳ ಮೇಲೆ ಹೇರಲಾಯಿತು. ಮಾತನ್ನು ವ್ಯಕ್ತಿಯ ಪ್ರಕ್ರಿಯೆಯಾಗಿ ನೋಡಿದ ಮಹತ್ವದ ಭಾಷಾಚಿಂತಕ ತೊಕಿಯೆದ ಮೊತೊಕಿ ಪಾಠ ಹೇಳಿದ್ದು ವಸಾಹತಾಗಿದ್ದ ಕೊರಿಯಾದ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ. ಸೊಸ್ಯೂರನ ಭಾಷಾವಿಜ್ಞಾನದ ಉಪನ್ಯಾಸಗಳು ಜಗತ್ತಿನಲ್ಲಿಯೇ ಮೊದಲು ಅನುವಾದಗೊಂಡದ್ದು ಜಪಾನಿಗೆ, 1928ರಲ್ಲಿ. ಹೊರಗಿನ ಚಿಂತನೆಗೆ ಇಷ್ಟು ಬೇಗ ಬಾಗಿಲು ತೆರೆದ ವಿದ್ವತ್ ಸಮಾಜ ತನ್ನ ಭಾಷೆಯ ಹೆಸರಿನ ಬಗ್ಗೆ ಮಾತ್ರ ದೀರ್ಘಕಾಲ ಪ್ರಶ್ನೆ ಕೇಳಿಕೊಳ್ಳಲಿಲ್ಲ. ಕೊರಿಯಾದಲ್ಲಿ ಹುಟ್ಟಿ ಜಪಾನಿನಲ್ಲಿ ಸಂಶೋಧನೆ ಕೈಗೊಂಡ ಈ ಯಾನ್‌ಸುಕ್ ಅವರು 'ಕೊಕುಗೊ' ಎಂಬ ಪರಿಕಲ್ಪನೆಯ ಚರಿತ್ರೆಯನ್ನು 1996ರ ತಮ್ಮ ಗ್ರಂಥದಲ್ಲಿ ಬಿಡಿಸಿಟ್ಟರು. 1944ರಲ್ಲಿ ಸ್ಥಾಪಿತವಾಗಿದ್ದ ರಾಷ್ಟ್ರಭಾಷಾ ಪರಿಷತ್ತು 2004ರಲ್ಲಿ 'ಜಪಾನೀ ಭಾಷಾ ಪರಿಷತ್ತು' ಎಂದು ಹೆಸರು ಬದಲಾಯಿಸಿಕೊಂಡಿತು. ತನ್ನ ಭಾಷೆಯನ್ನು ಜಗತ್ತಿನ ಭಾಷೆಗಳಲ್ಲಿ ಒಂದೆಂದು ಕಾಣಲು ಒಂದು ಶಾಸ್ತ್ರಕ್ಕೆ ಅಷ್ಟು ಕಾಲ ಹಿಡಿಯಿತು.

ಹೊರಗಿನಿಂದ ಬಂದವರ ಕೊಡುಗೆ ಇಷ್ಟಕ್ಕೇ ಮುಗಿಯುವುದಿಲ್ಲ. ಬಾಶೋ ಮತ್ತು ಗೆಂಜಿಗಳ ವಿಮರ್ಶಕರಾದ ಹರುವೊ ಶಿರಾನೆ ಅಮೆರಿಕೆಯ ವಿದ್ಯಾರ್ಥಿಗಳಿಗಾಗಿ ಪ್ರಾಚೀನ ಜಪಾನಿಯ ವ್ಯಾಕರಣವನ್ನು 2005ರಲ್ಲಿ ಪ್ರಕಟಿಸಿದರು. ಐತಿಹಾಸಿಕ ಭಾಷಾವಿಜ್ಞಾನಿ ಅಲೆಕ್ಸಾಂಡರ್ ವೊವಿನ್ (1961–2022) 'ಮಾನ್‌ಯೋಶೂ'ವನ್ನು ಸಂಪುಟ ಸಂಪುಟವಾಗಿ ಅನುವಾದಿಸಿ ಪದಶಃ ವ್ಯಾಖ್ಯಾನ ಬರೆಯುವ ಕಾರ್ಯವನ್ನು 2009ರಿಂದ ನಡೆಸಿದರು. ವಿಮರ್ಶಕ ವ್ಯಾಕರಣ ಬರೆದರು, ಭಾಷಾವಿಜ್ಞಾನಿ ಕಾವ್ಯವನ್ನು ಅನುವಾದಿಸಿದರು. ವಿಭಾಗಗಳ ಗೋಡೆಯನ್ನು ದಾಟಿದವರಿಂದಲೇ ಮುಂದಿನವರಿಗೆ ಉಪಕರಣಗಳು ಒದಗಿದವು. ಹಳಗನ್ನಡವನ್ನು ಕಲಿಯಬಯಸುವ ಅನ್ಯಭಾಷಿಕರಿಗೆ ಕಿಟೆಲರ 1903ರ ವ್ಯಾಕರಣವನ್ನೇ ಇಂದಿಗೂ ಸೂಚಿಸಬೇಕಾಗಿ ಬರುವುದು ಕಿಟೆಲರ ಹಿರಿಮೆಗೆ ಸಾಕ್ಷಿಯಾಗುವಂತೆ ಅನಂತರದವರ ಅಲಕ್ಷ್ಯಕ್ಕೂ ಸಾಕ್ಷಿ.

ಉನ್ನತ ವ್ಯಾಸಂಗದ ಲೌಕಿಕ ಸ್ಥಿತಿಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ವಿದೇಶೀ ವಿದ್ಯಾರ್ಥಿಗಳಿಗೆ ಜಪಾನ್ ಸರ್ಕಾರದ ವಿದ್ಯಾರ್ಥಿವೇತನ 1954ರಿಂದ ದೊರೆಯುತ್ತಿದೆ; ಎರಡು ವರ್ಷದ ಸ್ನಾತಕೋತ್ತರ ಪದವಿ, ಮೂರು ವರ್ಷದ ಡಾಕ್ಟರೇಟ್ ಎಂಬುದು ಅಲ್ಲಿನ ಕ್ರಮ. ಆದರೆ ಮಾನವಿಕ ಶಾಸ್ತ್ರಗಳಲ್ಲಿ ವ್ಯಾಸಂಗ ಮುಗಿಸಿ ಪದವಿಯಿಲ್ಲದೆಯೇ ಹೊರಬಂದು, ಹತ್ತಾರು ವರ್ಷ ಪಾಠ ಹೇಳಿದ ಮೇಲೆ ಮಹಾಪ್ರಬಂಧ ಸಲ್ಲಿಸುವ ಸಂಪ್ರದಾಯ ಬಹುಕಾಲ ನಡೆದುಬಂದಿತ್ತು. ಇದು ನಿಧಾನದ ಓದಿಗೆ ಅನುಕೂಲ, ಹೊಟ್ಟೆಪಾಡಿಗೆ ಪ್ರತಿಕೂಲ. 2015ರ ಜೂನ್‌ನಲ್ಲಿ ಅಲ್ಲಿನ ಶಿಕ್ಷಣ ಸಚಿವರು, ಮಾನವಿಕ ಮತ್ತು ಸಮಾಜವಿಜ್ಞಾನ ವಿಭಾಗಗಳನ್ನು ರದ್ದುಗೊಳಿಸುವ ಅಥವಾ ಸಮಾಜದ ಬೇಡಿಕೆ ಹೆಚ್ಚಿರುವ ಕ್ಷೇತ್ರಗಳಿಗೆ ಪರಿವರ್ತಿಸುವ ಬಗ್ಗೆ ಕ್ರಮ ಕೈಗೊಳ್ಳುವಂತೆ ರಾಷ್ಟ್ರೀಯ ವಿಶ್ವವಿದ್ಯಾಲಯಗಳಿಗೆ ಸೂಚನೆ ಕಳುಹಿಸಿದಾಗ ಜಪಾನಿನ ವಿಜ್ಞಾನ ಪರಿಷತ್ತೇ ಆಕ್ಷೇಪಿಸಿತು. 'ಬೇಡಿಕೆ' ಎಂಬ ಪದ ಎಲ್ಲೆಡೆಯೂ ಒಂದೇ ಅರ್ಥದಲ್ಲಿ ಬಳಕೆಯಾಗುತ್ತಿರುವುದು ತೌಲನಿಕ ಅಧ್ಯಯನಕ್ಕೆ ಇನ್ನೊಂದು ವಸ್ತು.

ಬೆಂಗಳೂರಿನಲ್ಲಿ ಜಪಾನೀ ಭಾಷೆಯನ್ನು ಕಲಿಯುವವರಿಗೆ ಕೊರತೆಯಿಲ್ಲ. ಆದರೆ ಆ ಕಲಿಕೆ ಬಹುಪಾಲು ಉದ್ಯಮಗಳ ಅಗತ್ಯಕ್ಕಾಗಿ. ಭಾಷಾ ಸಾಮರ್ಥ್ಯ ಪರೀಕ್ಷೆಯ ಅತ್ಯುನ್ನತ ಹಂತವನ್ನು ದಾಟಿದವರಿಗೂ ಗೆಂಜಿಯ ಮೊದಲ ವಾಕ್ಯ ಹೊಸ ಭಾಷೆಯಂತೆ ಕಾಣುತ್ತದೆ. ಸಾಹಿತ್ಯಾಧ್ಯಯನಕ್ಕಾಗಿ ದೆಹಲಿಗೋ ಶಾಂತಿನಿಕೇತನಕ್ಕೋ ಹೋಗಬೇಕು. ಹೈಕುವಿನಿಂದ ಕಾದಂಬರಿಯವರೆಗೆ ಜಪಾನೀ ಸಾಹಿತ್ಯ ಕನ್ನಡಕ್ಕೆ ಹೆಚ್ಚಾಗಿ ಇಂಗ್ಲಿಷಿನ ಮೂಲಕವೇ ಬಂದಿರುವುದು ಇದರ ಒಂದು ಪರಿಣಾಮ.

ಇನ್ನೊಂದು ಪರಿಣಾಮ ಹೆಚ್ಚು ಗಂಭೀರವಾದುದು. ಹಾಶಿಮೊತೊ ಅವರ ಶಿಷ್ಯರೂ ಪ್ರಾಚೀನ ಜಪಾನಿಯ ಮಹಾವಿದ್ವಾಂಸರೂ ಆಗಿದ್ದ ಓನೊ ಸುಸುಮು (1919–2008) ತಮ್ಮ ಜೀವನದ ಕೊನೆಯ ಮೂರು ದಶಕಗಳನ್ನು ಜಪಾನಿಗೂ ತಮಿಳಿಗೂ ಸಂಬಂಧವಿದೆಯೆಂದು ಸಾಧಿಸಲು ಮೀಸಲಿಟ್ಟರು. ನೂರಾರು ಪದಗಳನ್ನೂ ವ್ಯಾಕರಣಾಂಶಗಳನ್ನೂ, ಸಂಗಂ ಕಾವ್ಯದ ಛಂದಸ್ಸನ್ನೂ ಅವರು ಹೋಲಿಸಿದರು. ಭಾಷಾವಿಜ್ಞಾನಿಗಳು ಈ ವಾದವನ್ನು ಒಪ್ಪಲಿಲ್ಲ. ಮೂಲ ದ್ರಾವಿಡವನ್ನು ಬದಿಗಿಟ್ಟು ತಮಿಳೊಂದನ್ನೇ ಹೋಲಿಕೆಗೆ ತೆಗೆದುಕೊಂಡದ್ದು ಅವರ ವಿಧಾನದ ಮುಖ್ಯ ದೋಷವೆನಿಸಿತು. ಆ ದೋಷ ಎಂತಹುದೆಂಬುದನ್ನು ಕನ್ನಡವೇ ತೋರಿಸಬಲ್ಲದು. ಕನ್ನಡದ 'ಕಿವಿ' ತಮಿಳಿನಲ್ಲಿ 'ಚೆವಿ'. 'ಗೆಯ್' ಅಲ್ಲಿ 'ಚೆಯ್'. 'ಕೆಂ' ಅಲ್ಲಿ 'ಚೆಂ'. ಇ, ಎ ಸ್ವರಗಳ ಮುಂದೆ ತಮಿಳಿನಲ್ಲಿ ಚಕಾರವಾದ ಮೂಲದ ಕಕಾರವನ್ನು ಕನ್ನಡ ಉಳಿಸಿಕೊಂಡಿದೆ. ತಮಿಳನ್ನಷ್ಟೇ ಮುಂದಿಟ್ಟುಕೊಂಡವರು ಇಂತಹ ಪದಗಳಲ್ಲಿ ಈಚಿನ ಚಕಾರವನ್ನೇ ಪ್ರಾಚೀನವೆಂದು ಭಾವಿಸಿ ಹೋಲಿಸುವ ಅಪಾಯವಿದೆ. ಇತ್ತ, 'ಹೂ'ವಿನ ಹಕಾರವನ್ನೂ ಜಪಾನೀ 'ಹನ'ದ ಹಕಾರವನ್ನೂ ಕಂಡು ಮೈಮರೆಯುವವರಿಗೂ ಎಚ್ಚರಿಕೆ ಅಗತ್ಯ. ಎರಡು ಭಾಷೆಗಳು ಒಂದೇ ಬಗೆಯ ಧ್ವನಿಪರಿವರ್ತನೆಯನ್ನು ಸ್ವತಂತ್ರವಾಗಿ ಹಾದುಬರುವುದು ಬಂಧುತ್ವಕ್ಕೆ ಪ್ರಮಾಣವಲ್ಲ.

ಓನೊ ಅವರ ವಾದ ಬಿದ್ದುಹೋಯಿತೆಂದು ಸುಮ್ಮನಿರುವುದು ಸುಲಭ. ಆದರೆ ಅವರ ಪದಪಟ್ಟಿಯ ಪಕ್ಕದಲ್ಲಿ ಹಳಗನ್ನಡದ ಒಂದು ಕಂಬಸಾಲನ್ನು ಇರಿಸಿ, ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ, ಏಕೆ ಬೀಳುತ್ತದೆ ಎಂದು ಪದಪದವನ್ನೂ ಪರೀಕ್ಷಿಸುವ ಕಾರ್ಯ ಕನ್ನಡದ ಕಡೆಯಿಂದಲೂ ನಡೆಯಬೇಕಾದದ್ದು. ಅದಕ್ಕೆ 'ಮಾನ್‌ಯೋಶೂ'ವನ್ನು ಮೂಲದಲ್ಲಿ ಓದಬಲ್ಲ, ಕೇಶಿರಾಜನ ಪಟ್ಟಿಯನ್ನೂ ಶಾಸನಗಳ ಭಾಷೆಯನ್ನೂ ಬಲ್ಲ, ತೌಲನಿಕ ವಿಧಾನದಲ್ಲಿ ಪಳಗಿದ ಒಬ್ಬ ಸಂಶೋಧಕ ಬೇಕು. ಅಂತಹ ವಿದ್ಯಾರ್ಥಿ ನಾಳೆ ಪಿಎಚ್.ಡಿ. ನೋಂದಣಿಗೆಂದು ಬಂದರೆ, ವಿಷಯ ಭಾಷಾವಿಜ್ಞಾನಕ್ಕೆ ಸೇರಿದ್ದೆಂದು ಕನ್ನಡ ವಿಭಾಗವೂ, ಪಠ್ಯಗಳು ಸಾಹಿತ್ಯಕ್ಕೆ ಸೇರಿದವೆಂದು ಭಾಷಾವಿಜ್ಞಾನ ವಿಭಾಗವೂ, ತಾವು ಕಲಿಸುವುದು ಆಧುನಿಕ ಜಪಾನೀ ಮಾತ್ರವೆಂದು ವಿದೇಶೀ ಭಾಷೆಗಳ ವಿಭಾಗವೂ ಅರ್ಜಿಯನ್ನು ಹಿಂದಿರುಗಿಸುವ ಸಾಧ್ಯತೆಯೇ ಹೆಚ್ಚು.